ಏಳನೇ ಕಲಂ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಮನೆಗೆ ನೀರು ಬಿಡುವ ದಿನವಲ್ಲ. ಅಕ್ಕ ಎರಡು ಕ್ಯಾನು ಹಿಡಿದು ಮಾರುಕಟ್ಟೆ ನಲ್ಲಿಗೆ ಹೋದಳು. ನಗರಸಭೆಯ ನೀರು ಮತ್ತು ನೈರ್ಮಲ್ಯ ವಿಭಾಗದ ಎಂಜಿನಿಯರನ ಮನೆಗೆ ಕುಡಿಯುವ ನೀರು ಬೀದಿಯಿಂದ ಬರುತ್ತದೆ. ಇದರಲ್ಲಿ ವ್ಯಂಗ್ಯ ಹುಡುಕುವುದನ್ನು ಬಿಟ್ಟು ಆರು ವರ್ಷವಾಯಿತು. ಹುಡುಕಿದರೆ ಸಿಗುತ್ತದೆ. ನೀರು ಸಿಗುವುದಿಲ್ಲ.

ಗಡ್ಡ ಮಾಡಿಕೊಳ್ಳಲು ಅರ್ಧ ಮಗ್ಗು. ಸಾಕು. ಮುಖವೂ ಅಷ್ಟೇ ಉಳಿದಿದೆ.

ಸಂಜೆ 5.30

ನಗರಸಭೆಗಳಿಗೆ ಕರಾರು ಮಾಡಿಸಿಕೊಡುವ ಸಲಹೆಗಾರ ಬಂದಿದ್ದ. ಆಫೀಸಿನಲ್ಲಿ ಅವನಿಗೆ ‘ಸ್ಲೈಡು’ ಎಂದು ಹೆಸರು. ಎದುರಿಗೆ ಕೂತವರನ್ನು ನೋಡುವುದಿಲ್ಲ, ಗೋಡೆ ನೋಡಿ ಮಾತಾಡುತ್ತಾನೆ — ಗೋಡೆಯ ಮೇಲೆ ಏನೂ ಇಲ್ಲದಾಗಲೂ. ಒಂದು ಗಂಟೆಯಲ್ಲಿ ‘ಪಾಲುದಾರಿಕೆ’ ನಲವತ್ತೊಂದು ಸಲ. ಎಣಿಸಿದೆ. ಬೇರೆ ಕೆಲಸವಿರಲಿಲ್ಲ.

ವಿಷಯ ಇಷ್ಟೇ. ಊರಲ್ಲಿ ಎರಡು ಘಟಕಗಳಿವೆ: ಒಂದು ಬಸ್ ನಿಲ್ದಾಣದಲ್ಲಿ, ಇನ್ನೊಂದು ಮಾರುಕಟ್ಟೆಯಲ್ಲಿ. ಒಂದೊಂದರಲ್ಲೂ ಹನ್ನೆರಡು ಶೌಚಾಲಯ, ಹೊರಗೆ ನಾಲ್ಕು ನಲ್ಲಿ, ಮೇಲೊಂದು ಟ್ಯಾಂಕು. ಕಟ್ಟಡ, ಕೊಳವೆಬಾವಿ ನಗರಸಭೆಯವು. ನಡೆಸುವವರು ಖಾಸಗಿಯವರು. ಮೂರು ವರ್ಷದ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಯಾರಿಗೆ ಹೆಚ್ಚು ಅಂಕವೋ ಅವರಿಗೆ ಎರಡೂ ಘಟಕ, ಹತ್ತು ವರ್ಷಕ್ಕೆ. ಇನ್ನೊಬ್ಬರು ಮನೆಗೆ.

ಅಂಕ ಹಾಕುವವನು ನಾನು.

ಮಾರ್ಚ್ 4, ಮಂಗಳವಾರ

ಬಸ್ ನಿಲ್ದಾಣದ ಘಟಕ. ನಡೆಸುವವನನ್ನು ಎಲ್ಲರೂ ‘ಟೈಲ್ಸು’ ಅನ್ನುತ್ತಾರೆ. ಒಳಗಿನ ಪೈಪು ಸೋರಿದರೂ ಹೊರಗೆ ಟೈಲ್ಸ್ ಹಾಕಿಸುತ್ತಾನೆ. ಈ ಸಲ ಮೆಟ್ಟಿಲಿಗೂ ಹಾಕಿಸಿದ್ದಾನೆ. ಬಾಗಿಲ ಬಳಿ ಪ್ಲಾಸ್ಟಿಕ್ ಹೂವಿನ ಕುಂಡ. ಅದಕ್ಕೆ ಬೇರೆ ನೀರು ಹನಿಸಿದ್ದ — ತಾಜಾ ಕಾಣಲಿ ಎಂದು.

ಹೆಂಗಸರ ಕಡೆ ಆರರಲ್ಲಿ ನಾಲ್ಕು ಬಾಗಿಲಿಗೆ ಬೀಗ.

“ಮೇಂಟೆನೆನ್ಸ್ ಸರ್.”

“ಎಷ್ಟು ದಿನದಿಂದ?”

“ನಡೀತಾನೇ ಇದೆ ಸರ್. ನಾವು ಮೇಂಟೆನೆನ್ಸ್ ನಿಲ್ಸೋದೇ ಇಲ್ಲ.”

ನಗಲಿಲ್ಲ ಅವನು. ನಿಜಕ್ಕೂ ಅದೊಂದು ಹೆಗ್ಗಳಿಕೆ ಎಂದೇ ತಿಳಿದಿದ್ದಾನೆ.

ಚೀಲ ಹಿಡಿದ ಮುದುಕಿಯೊಬ್ಬಳು ಬೀಗ ನೋಡುತ್ತ ನಿಂತಿದ್ದಳು. ಟೈಲ್ಸು ಬಹಳ ವಿನಯದಿಂದ ಕೈತೋರಿಸಿದ — “ಆ ಕಡೆ ಮಾರ್ಕೆಟ್ಟಿಗೆ ಹೋಗಿ ಅಜ್ಜಿ. ಹತ್ರಾನೇ.”

ದೂರು ಪುಸ್ತಕ ಕೇಳಿದೆ. ತಂದ. ಕಾಗದದ ವಾಸನೆ ಇನ್ನೂ ಹೋಗಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ದಾರ ಕಟ್ಟಿದ ಪೆನ್ನು. ಬಿಚ್ಚಿ ನೋಡಿದೆ, ರಿಫಿಲ್ ಇಲ್ಲ.

“ಮೂರು ವರ್ಷ ಸರ್, ಒಂದೇ ಒಂದು ಕಂಪ್ಲೇಂಟ್ ತೋರ್ಸಿ ನೋಡೋಣ! ಜನ ಅಷ್ಟು ಖುಷಿಯಾಗಿದಾರೆ.”

ಬರೆದುಕೊಂಡೆ: ದೂರುಗಳು — ಸೊನ್ನೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಮಾರುಕಟ್ಟೆ ಘಟಕ. ನಡೆಸುವವಳು ಬೀಗದಮ್ಮ. ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡಿರುತ್ತಾಳೆ. ಆದರೆ ಒಂದು ಬಾಗಿಲಿಗೂ ಬೀಗವಿಲ್ಲ. ಮೊದಲು ಹೊಲಿಗೆ ಅಂಗಡಿ ಇಟ್ಟಿದ್ದವಳು. ನಲ್ಲಿಯ ವಾಷರನ್ನು ಕತ್ತರಿಯಲ್ಲಿ ತಾನೇ ಕತ್ತರಿಸಿ ಕೂರಿಸುತ್ತಾಳೆ. ಟೈಲ್ಸ್ ಇಲ್ಲ. ನೆಲ ಒದ್ದೆ, ವಾಸನೆ ಇಲ್ಲ.

“ಬನ್ನಿ ಸಾರ್. ಯಾವಾಗ್ಲೂ ಅಕ್ಕಾವ್ರೇ ಬರ್ತಾರೆ. ನಿಮ್ಮ ಮುಖ ನೋಡೋಕೆ ಅಂಕ ಹಾಕೋ ದಿನಾನೇ ಬರ್ಬೇಕಾಯ್ತು.”

ದೂರು ಪುಸ್ತಕ ಕೇಳಿದೆ. ಮೂರು ತಂದಳು. ಮೊದಲಿನ ಎರಡು ತುಂಬಿಹೋಗಿವೆ. ಕೂತು ಓದಿದೆ. ಓದುವ ಅಗತ್ಯವಿರಲಿಲ್ಲ, ಎಣಿಸಿದರೆ ಸಾಕಿತ್ತು.

‘ನಾಲ್ಕನೇ ಬಾಗಿಲ ಚಿಲಕ ಸಡಿಲ. ಒಂದು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು.’ ಕೆಳಗೆ ಬೀಗದಮ್ಮನ ದಪ್ಪ ಅಕ್ಷರ — ‘ಆಯ್ತು.’

‘ನೀರಿಗೆ ತುಕ್ಕಿನ ರುಚಿ.’ — ‘ಟ್ಯಾಂಕು ತೊಳೆದೆ. ಆಯ್ತು.’

‘ಎರಡನೇ ನಲ್ಲಿ ತಗ್ಗು. ದೊಡ್ಡ ಕೊಡ ಕೂರುವುದಿಲ್ಲ.’ — ‘ಕಟ್ಟೆ ಒಡೆಸಿದೆ. ಆಯ್ತು.’

‘ಇವಳ ಬಾಯಿ ಬಹಳ ಜೋರು.’ — ‘ನೋಡ್ತೀನಿ.’

ಒಟ್ಟು ಇನ್ನೂರ ಹನ್ನೆರಡು. ಇನ್ನೂರ ಹನ್ನೊಂದಕ್ಕೆ ‘ಆಯ್ತು’. ಬಾಯಿಯದ್ದೊಂದು ಬಾಕಿ.

“ರಿಪೇರಿ ಮಾಡಿದ ತಕ್ಷಣ ಬರೀತೀರಾ?”

“ಅದ್ಹೆಂಗೆ ಬರೆಯೋದು? ಬರೆದವ್ರು ವಾಪಸ್ ಬಂದು, ನೋಡಿ, ಸರಿಹೋಗಿದೆ ಅನ್ಬೇಕು. ಆಮೇಲೆ ‘ಆಯ್ತು’. ನಾನೇ ಮಾಡಿ ನಾನೇ ಆಯ್ತು ಅಂದ್ಕೊಂಡ್ರೆ ಅದು ಆಫೀಸು.”

ತಲೆ ಎತ್ತದೆ ಪುಟ ತಿರುವಿದೆ. ಬಲಕ್ಕೆ ವಾಲಿದ ಒಂದು ಕೈಬರಹ ಮತ್ತೆ ಮತ್ತೆ ಬರುತ್ತಿತ್ತು. ಸಾಲು ನೇರ, ಪೂರ್ಣವಿರಾಮ ಕಡ್ಡಾಯ. ಮೂವತ್ತು ವರ್ಷ ಟೀಚರಾಗಿದ್ದವಳ ಬರಹ. ಅಕ್ಕನದು. ಎಣಿಸಿದೆ. ಮೂವತ್ತೊಂದು.

ಸಂಜೆ

ಕೇಳಿದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದಳು.

“ಮೂವತ್ತೊಂದು ದೂರು ಬರೆದಿದೀಯಲ್ಲ. ಅಷ್ಟು ಕೆಟ್ಟದಾಗಿದೆಯಾ ಅದು?”

“ಕೆಟ್ಟದಾಗಿದ್ರೆ ಯಾಕೆ ಬರೀತಿದ್ದೆ? ಬರೆದ್ರೆ ಆಗತ್ತೆ ಕಣೋ ಅಲ್ಲಿ. ಈ ಮನೆ ಸಿಂಕು ಸೋರ್ತಿದೆ ಅಂತ ನಿನಗೆ ಹೇಳಿ ಎಷ್ಟು ದಿನ ಆಯ್ತು?”

ಸಿಂಕು ಸೋರುತ್ತಿದೆ. ಕೆಳಗೆ ಡಬ್ಬ ಇಟ್ಟಿದ್ದಾಳೆ.

ಮಾರ್ಚ್ 7, ಶುಕ್ರವಾರ

ಅಂಕಪಟ್ಟಿ ತುಂಬಿದೆ.

ಮೊದಲ ಆರು ಕಲಂ, ಒಟ್ಟು ಎಪ್ಪತ್ತು. ಬೀಗದಮ್ಮನಿಗೆ ಅರವತ್ತಾರು. ಟೈಲ್ಸಿಗೆ ನಲವತ್ತನಾಲ್ಕು. ನಾಲ್ಕು ಬಾಗಿಲಿಗೆ ಬೀಗ ಹಾಕಿದವನಿಗೆ ಅದೂ ಧಾರಾಳ.

ಏಳನೇ ಕಲಂ: ‘ಬಳಕೆದಾರರ ತೃಪ್ತಿ’, ಮೂವತ್ತು. ಪ್ರತಿ ದೂರಿಗೆ ಒಂದು ಅಂಕ ಕಳೆಯುವುದು.

ಟೈಲ್ಸಿಗೆ ಮೂವತ್ತು. ಬೀಗದಮ್ಮನಿಗೆ ಸೊನ್ನೆ — ಅದಕ್ಕಿಂತ ಕೆಳಗೆ ಹೋಗಲು ನಮೂನೆಯಲ್ಲಿ ಜಾಗವಿಲ್ಲ.

ಎಪ್ಪತ್ತನಾಲ್ಕು. ಅರವತ್ತಾರು.

ಪೆನ್ನು ಕೆಳಗಿಟ್ಟು ಬಹಳ ಹೊತ್ತು ಫ್ಯಾನು ನೋಡಿದೆ. ಈ ನಮೂನೆ ಮಾಡಿದ ಮೂರ್ಖ ಯಾರು ಎಂದು ಯಾರೂ ಕೇಳಿಲ್ಲ. ಕೇಳಿದರೆ ಹಾಳೆಯ ಅಡಿಯಲ್ಲಿ ಸಹಿ ಇದೆ. ಮೂರು ವರ್ಷದ ಹಿಂದೆ, ಊಟವಾದ ಮೇಲಿನ ಒಂದು ಗಂಟೆಯಲ್ಲಿ ಮಾಡಿದ್ದು. ನಿದ್ದೆ ಎಳೆಯುತ್ತಿತ್ತು. ವಾಹನ ಶಾಖೆಯವರು ಡ್ರೈವರುಗಳಿಗೆ ಅಂಕ ಹಾಕುವ ಹಾಳೆ ಮೇಜಿನ ಮೇಲಿತ್ತು. ಅದರ ಏಳನೇ ಕಲಂ — ‘ಅಪಘಾತಗಳ ಸಂಖ್ಯೆ. ಪ್ರತಿ ಅಪಘಾತಕ್ಕೆ ಒಂದು ಅಂಕ ಕಳೆಯುವುದು.’ ‘ಅಪಘಾತ’ ಹೊಡೆದುಹಾಕಿ ‘ದೂರು’ ಎಂದು ಬರೆದೆ. ಟೈಪಿಗೆ ಕೊಟ್ಟೆ. ಚಹಾ ಕುಡಿಯಲು ಹೋದೆ.

ಚಹಾ ಚೆನ್ನಾಗಿತ್ತು ಎಂದು ನೆನಪಿದೆ.

ಮಾರ್ಚ್ 12, ಬುಧವಾರ

ನನಗೊಂದು ಉಪಾಯ ಹೊಳೆದಿತ್ತು. ಹೇಡಿಗಳಿಗೆ ಉಪಾಯಗಳು ಸುಲಭವಾಗಿ ಹೊಳೆಯುತ್ತವೆ. ಪಟ್ಟಿ ಇನ್ನೂ ನನ್ನ ಹತ್ತಿರವೇ ಇದೆ. ಬೀಗದಮ್ಮನ ಹತ್ತಿರ ಹೋಗಿ ಹೇಳಿದೆ: ಹಳೆಯ ಪುಸ್ತಕಗಳು ನೆನೆದು ಹಾಳಾದವು ಅನ್ನಿ. ಹೊಸದೊಂದು ಇಡಿ. ನಾನು ಮತ್ತೆ ಬಂದು ನೋಡಿದ ಹಾಗೆ ಬರೆದುಕೊಳ್ಳುತ್ತೇನೆ.

ನಲ್ಲಿಯ ಕತ್ತಿಗೆ ದಾರ ಸುತ್ತುತ್ತಿದ್ದಳು. ನಿಲ್ಲಿಸಿದಳು.

“ಅಂದ್ರೆ ಜನ ಬರೆದಿದ್ದು ಜಾಸ್ತಿ ಆಯ್ತು ಅಂತ ನನಗೆ ಅಂಕ ಕಮ್ಮಿ?”

“ನಮೂನೆ ಹಾಗಿದೆ.”

“ಯಾವ ಪುಣ್ಯಾತ್ಮ ಮಾಡಿದ್ದು ಸಾರ್ ಅದನ್ನ?”

“ಮೇಲಿನವರು.”

ನಮ್ಮ ಆಫೀಸಿನಲ್ಲಿ ನನ್ನ ಮೇಲೆ ಇರುವುದು ಫ್ಯಾನು.

“ನೆನೆದುಹೋಯ್ತು ಅಂತೀನಿ ಅಂದ್ಕೊಳ್ಳಿ. ಆಮೇಲೆ ಮೂರು ವರ್ಷ ನಾನು ಏನ್ ಮಾಡ್ದೆ ಅಂತ ಯಾರು ಹೇಳ್ತಾರೆ? ನಿಮ್ಮ ಫಾರಂ ಹೇಳತ್ತಾ? ತಪ್ಪು ಫಾರಂದು. ನಾನ್ಯಾಕೆ ಪುಸ್ತಕ ಬಚ್ಚಿಡ್ಲಿ?”

ಮತ್ತೆ ದಾರ ಸುತ್ತತೊಡಗಿದಳು. ಬಿಗಿಯಾಗಿ. ನಾನು ಇನ್ನೂ ನಿಂತಿರುವುದು ನೋಡಿ — “ಹೋಗಿ ಸಾರ್. ಬಿಸಿಲು.”

ಮಾರ್ಚ್ 14, ಶುಕ್ರವಾರ

ಸಮಿತಿ ಸಭೆ. ಸ್ಲೈಡು ಗೋಡೆಯ ಮೇಲೆ ಎರಡು ಕಂಬ ತೋರಿಸಿದ. ಎತ್ತರದ ಹಸಿರು ಕಂಬ ಟೈಲ್ಸು. ಗಿಡ್ಡ ಕೆಂಪು ಕಂಬ ಬೀಗದಮ್ಮ. ಇನ್ನೂರ ಹನ್ನೆರಡು ಎಂದು ಓದಿದಾಗ ಪೌರಾಯುಕ್ತರು “ಅಬ್ಬಬ್ಬಾ” ಅಂದರು.

ಕೈ ಎತ್ತಿದೆ. “ಏಳನೇ ಕಲಂ ಬಗ್ಗೆ ಒಂದು ಮಾತು—”

“ಅದನ್ನೇ ಹೇಳೋಕೆ ಬರ್ತಿದ್ದೆ ಸರ್!” ಸ್ಲೈಡು ಮೊದಲ ಸಲ ಗೋಡೆ ಬಿಟ್ಟು ನನ್ನ ಕಡೆ ತಿರುಗಿದ. “ಈ ಫ್ರೇಮ್‌ವರ್ಕ್ ನಮ್ಮ ಸರ್‌ದು. ತುಂಬಾ ಸಿಂಪಲ್, ತುಂಬಾ ರೋಬಸ್ಟ್. ಇದನ್ನ ಹನ್ನೊಂದು ಊರಲ್ಲಿ ತಗೋತಿದೀವಿ. ಟ್ರೈನಿಂಗಿಗೆ ಸರ್‌ನೇ ಕರೀತೀವಿ.”

ಚಪ್ಪಾಳೆ. ಏಳು ಜನ, ಹದಿನಾಲ್ಕು ಕೈ.

ಒಂದು ಮಾತು ಆಡುವುದಿತ್ತು. ಆಡಿದೆ — “ಧನ್ಯವಾದ.”

ನಡಾವಳಿಯ ಕೊನೆಯ ಸಾಲು: ಅಂಕಗಳಲ್ಲಿ ತಪ್ಪಿದ್ದರೆ ಮೂವತ್ತು ದಿನದೊಳಗೆ, ಅಂಕ ಹಾಕಿದವರೇ ಲಿಖಿತವಾಗಿ ಒಪ್ಪಿಕೊಂಡರೆ ಮಾತ್ರ, ಮರುಪರಿಶೀಲನೆ. ಯಾರೂ ಹಾಗೆ ಒಪ್ಪಿಕೊಳ್ಳುವುದಿಲ್ಲ ಎಂದು ಗೊತ್ತಿದ್ದವರೇ ಬರೆದ ಸಾಲು.

ಏಪ್ರಿಲ್ 2, ಬುಧವಾರ. ಬೆಳಿಗ್ಗೆ 7.40

ಅಕ್ಕ ಖಾಲಿ ಕ್ಯಾನು ಹಿಡಿದು ವಾಪಸು ಬಂದಳು. ಮಾರುಕಟ್ಟೆ ಘಟಕ ನಿನ್ನೆಯಿಂದ ಟೈಲ್ಸಿನದು. ನಾಲ್ಕರಲ್ಲಿ ಮೂರು ನಲ್ಲಿ ಬಂದ್. ಹೆಂಗಸರ ಕಡೆ ಮೇಂಟೆನೆನ್ಸ್ ಶುರುವಾಗಿದೆ. ತರಕಾರಿ ಮಾರುವ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುತ್ತಿಲ್ಲವಂತೆ — ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ನೀರು ಮತ್ತು ನೈರ್ಮಲ್ಯವನ್ನು ಒಂದೇ ಏಟಿಗೆ ಬಗೆಹರಿಸಿದ್ದೇವೆ.

ಅಕ್ಕ ಇಷ್ಟನ್ನೂ ನನ್ನ ಮುಖ ನೋಡದೆ ಹೇಳಿದಳು. ಕ್ಯಾನು ಇಟ್ಟ ಸದ್ದು ಮಾತ್ರ ಜೋರು.

ಏಪ್ರಿಲ್ 3

ಟ್ರೈನಿಂಗಿನ ಆಹ್ವಾನ ಬಂತು. ನನ್ನ ಹೆಸರಿನ ಹಿಂದೆ ‘ತಜ್ಞ’ ಎಂದಿದೆ. ಎರಡು ಸಲ ಓದಿದೆ. ಮೂರನೇ ಸಲವೂ. ಇಷ್ಟು ಅಗ್ಗದವನು ನಾನು ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳು.

ಏಪ್ರಿಲ್ 7, ಸೋಮವಾರ. ಸಂಜೆ

ಮನೆಗೆ ಬಂದಾಗ ನನ್ನ ಮೇಜಿನ ಮೇಲೆ ಮೂರನೇ ದೂರು ಪುಸ್ತಕ. ಮೂಲೆ ಉಬ್ಬಿ, ನೀರಿನ ಕಲೆ.

“ಅವಳು ಕೊಟ್ಲು,” ಅಂದಳು ಅಕ್ಕ. “ಹೊಲಿಗೆ ಮಷೀನು ಮಾರಿ ಈ ಕೆಲಸಕ್ಕೆ ಇಳಿದಿದ್ದಂತೆ. ಈಗ ಅದೂ ಇಲ್ಲ, ಇದೂ ಇಲ್ಲ. ಪುಸ್ತಕದಲ್ಲಿ ಇನ್ನೂ ಹಾಳೆ ಉಳಿದಿದೆ, ಸಾರ್‌ಗೆ ಬೇಕಾಗಬಹುದು ಅಂದ್ಲು.”

ಕೈಚೀಲ ಕೆಳಗಿಟ್ಟೆ.

“ಅಂಕಪಟ್ಟಿ ನಕಲೂ ತೋರ್ಸಿದ್ಲು. ಅಡಿಯಲ್ಲಿ ಒಂದು ಸಹಿ ಇತ್ತು. ಒಂದನೇ ಕ್ಲಾಸಲ್ಲಿ ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನು. ಗೊತ್ತಾಗಲ್ಲ ಅಂದ್ಕೊಂಡ್ಯಾ?”

“ಅದು ತಪ್ಪಾಗಿ—”

“ನನಗ್ಯಾಕೆ ಹೇಳ್ತೀಯ? ನಾನೇನು ಸಮಿತಿಯಾ?”

ಪುಸ್ತಕ ತೆರೆದೆ. ಕೊನೆಯ ಪುಟ. ವಾಲಿದ ಅಕ್ಷರ, ನೇರ ಸಾಲು.

‘213. ಏಳನೇ ಕಲಂ ತಪ್ಪಾಗಿದೆ. ಮಾಡಿದವರು ಸರಿಪಡಿಸಬೇಕು.’

ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಾಳೆ.

ಏಪ್ರಿಲ್ 10, ಗುರುವಾರ

ಮೂವತ್ತನೇ ದಿನ ಭಾನುವಾರ. ಶನಿವಾರ ರಜೆ. ಹಾಗಾದರೆ ನಾಳೆಯೇ ಕೊನೆ.

ಕಾಗದ ಬರೆದು ಹರಿದೆ. ‘ಪರಿಶೀಲಿಸಲಾಗಿ, ಕೆಲವು ಅಂಶಗಳು ಗಮನಕ್ಕೆ ಬಂದಿದ್ದು…’ ಎಂದು ಶುರುವಾಗಿತ್ತು. ಕರ್ತೃವೇ ಇಲ್ಲದ ವಾಕ್ಯ. ಇಪ್ಪತ್ತಾರು ವರ್ಷ ಇಂಥವನ್ನೇ ಬರೆದಿದ್ದೇನೆ. ಯಾರೂ ಏನೂ ಮಾಡುವುದಿಲ್ಲ ಅವುಗಳಲ್ಲಿ; ಎಲ್ಲವೂ ತಾವಾಗಿ ಆಗುತ್ತವೆ.

ಎರಡನೆಯದು: ‘ಏಳನೇ ಕಲಂ ನಾನು ಮಾಡಿದ್ದು. ತಪ್ಪು ಮಾಡಿದ್ದೇನೆ.’ ಎರಡೇ ವಾಕ್ಯ. ಹರಿಯಲಿಲ್ಲ.

ಸಿಂಕಿನ ಕೆಳಗೆ ಕೂತು ವಾಷರು ಬದಲಿಸಿದೆ. ಹಳೆಯ ಚಪ್ಪಲಿಯ ರಬ್ಬರು, ಅಕ್ಕನ ಕತ್ತರಿ. ಇನ್ನೂ ಸ್ವಲ್ಪ ಹನಿಯುತ್ತದೆ.

ಏಪ್ರಿಲ್ 11, ಶುಕ್ರವಾರ. ಮಧ್ಯಾಹ್ನ 3.40

ಕೊಟ್ಟೆ.

ಟಪಾಲು ಗುಮಾಸ್ತ ಕಂಪ್ಯೂಟರ್ ನೋಡುತ್ತಲೇ ಕೇಳಿದ — “ಯಾರ ಮೇಲೆ ಸರ್ ದೂರು?”

“ನನ್ನ ಮೇಲೆ.”

“ಕೊಡ್ತಿರೋರು?”

“ನಾನೇ.”

“ಎರಡು ಕಡೆ ಒಂದೇ ಹೆಸರು ತಗೊಳಲ್ಲ ಸರ್ ಇದು.” ಮೂರು ಸಲ ಒತ್ತಿದ. ಕೊನೆಗೆ ಧೂಳು ಕೊಡವಿ ಹಳೆಯ ರಿಜಿಸ್ಟರ್ ತೆಗೆದು ಕೈಯಲ್ಲಿ ಬರೆದುಕೊಂಡ. ಮೊಹರು ಹೊಡೆದ. ಅಯ್ಯೋ ಪಾಪ ಅನ್ನುವಂತೆ ನೋಡಿದ.

ಮೆಟ್ಟಿಲಿಳಿಯುವುದರೊಳಗೆ ಸ್ಲೈಡಿನ ಫೋನು. “ಸರ್, ಏನ್ ಸರ್ ಇದು? ಹನ್ನೊಂದು ಊರು ಸರ್!” ಹನ್ನೊಂದು ಕಡೆಗೂ ಇದರ ನಕಲು ಕಳಿಸಿ ಅಂದೆ. ಅವನ ಮುಂದೆ ಈಗ ಗೋಡೆ ಇದೆಯೋ ಇಲ್ಲವೋ. ಪೌರಾಯುಕ್ತರು ಮಂಗಳವಾರ ಕಾಣಲು ಹೇಳಿದ್ದಾರೆ. ಮರುಪರಿಶೀಲನೆ ಆಗಬಹುದು. ತಜ್ಞನಂತೂ ಮುಗಿದ.

ಮನೆ. ಸಂಜೆಯಾಗಿದೆ, ಪುಸ್ತಕ ತೆರೆದೇ ಇದೆ. 213ರ ಕೆಳಗಿನ ಖಾಲಿ ಸಾಲು. ಪೆನ್ನು ತೆಗೆದು ದಿನಾಂಕ ಹಾಕಿದೆ. ಮುಂದಿನ ಪದ ಬರೆಯಲಿಲ್ಲ.

“ಕೊಟ್ಟು ಬಂದ್ಯಲ್ಲ, ಬರಿ,” ಅಂದಳು ಅಕ್ಕ, ಬೆನ್ನ ಹಿಂದಿನಿಂದ.

“ನಾನೇ ಮಾಡಿ ನಾನೇ ಬರೆಯೋ ಹಾಗಿಲ್ಲ. ಅವಳ ರೂಲು. ಅವಳು ವಾಪಸ್ ಅಲ್ಲಿ ಕೂತ ಮೇಲೆ.”

ಅಕ್ಕ ಚಪ್ಪಲಿ ಮೆಟ್ಟಿದಳು. ಆಮೇಲೆ — “ಹಾಗಾದ್ರೆ ಏಳು. ಬಸ್ ನಿಲ್ದಾಣಕ್ಕೆ ಹೋಗಿ ಬರೋಣ.”

“ಯಾಕೆ?”

“ಅಲ್ಲಿ ಪುಸ್ತಕ ಪೂರ್ತಿ ಖಾಲಿ ಇದೆ ಅಂದ್ಯಲ್ಲ. ತರಕಾರಿಯವರನ್ನೆಲ್ಲ ಅಲ್ಲಿಗೇ ಕರೆದಿದೀನಿ. ಇಪ್ಪತ್ತು ಜನ ಆಗಬಹುದು.”

ಅಲ್ಲಿನ ಪೆನ್ನಿಗೆ ರಿಫಿಲ್ ಇಲ್ಲ ಅಂದೆ.

“ನಿನ್ನ ಕೈಯಲ್ಲಿರೋದು ಏನು?”

ಈ ಸಾಲು ಮುಗಿಸಿ ಕೊಡುತ್ತೇನೆ ಅಂದೆ. ಕೈ ಚಾಚಿ ನಿಂತಿದ್ದಾಳೆ. ಕಾಯುವವಳಲ್ಲ. ಹೊರಗೆ ಗೇಟಿನ ಹತ್ತಿರ ಬೀಗದಮ್ಮನ ದನಿ — ಬಾಯಿ ನಿಜಕ್ಕೂ ಜೋರು — ಇನ್ನೂ ಎಷ್ಟೊತ್ತು ಸಾರ್ ಅಂತ