ಮಾರ್ಬರಿಗೆ ಕೆಲಸ ಸಿಕ್ತಾ?

೧೦ ಜುಲೈ ೧೯೭೮, ಸೋಮವಾರ

ಪೋಸ್ಟ್‌ಮ್ಯಾನ್ ಇವತ್ತು ನಮ್ಮ ಬೀದಿಗೆ ತಿರುಗುತ್ತಲೇ ಬಗ್ಗಿ ಸೈಕಲ್ಲಿನ ಚೈನು ನೋಡಿಕೊಂಡ. ಚೈನಿಗೆ ಏನೂ ಆಗಿರಲಿಲ್ಲ. ಬಾಗಿಲಲ್ಲಿ ನಾನು ನಿಂತಿದ್ದೆ, ಅಷ್ಟೇ. ದಿನಾ 'ಇಲ್ಲಮ್ಮ' ಅನ್ನುವುದು ಅವನಿಗೂ ಸಾಕಾಗಿರಬೇಕು. ನಮ್ಮ ಮನೆ ದಾಟಿದ ಮೇಲೆ ನೆಟ್ಟಗೆ ಕೂತು ತುಳಿದ.

ಸಹಿ ಆಗಿದೆ. ಮೊಹರೂ ಬಿದ್ದಿದೆ. ಬನಶಂಕರಿಯ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಲೆಕ್ಚರರ್ ಕೆಲಸ ನನಗೇ. ಕಾಲೇಜಿನ ಹೆಡ್ ಕ್ಲರ್ಕ್ ಗಂಗಾಧರಯ್ಯನವರು ಕಳೆದ ಮಂಗಳವಾರ ಸಂಜೆ ಬಸ್ ಸ್ಟಾಪಿನಲ್ಲಿ ಅಪ್ಪನಿಗೆ ಹೇಳಿದರಂತೆ. ಆಡಳಿತ ಕಮಿಟಿಯ ಎಲೆಕ್ಷನ್ನಿನಲ್ಲಿ ಸೋತ ಸೆಕ್ರೆಟರಿ ಸಂಜೀವಯ್ಯನವರು ಕುರ್ಚಿ ಬಿಡುವ ಮೊದಲು ಹಾಕಿದ ಕೊನೆಯ ಸಹಿಗಳಲ್ಲಿ ನನ್ನದೂ ಒಂದು. ಅಪ್ಪ ಅವತ್ತೇ ಮೈಸೂರುಪಾಕು ತಂದ. ಅವ್ವ ಕೇರಿಗೆಲ್ಲ ಹಂಚಿದಳು. ಈಗ ನೀರಿಗೆ ಹೋದರೆ ಜರಗನಹಳ್ಳಿಯ ಹೆಂಗಸರೆಲ್ಲ 'ಬಾರವ್ವ ಮೇಡಮ್ಮು' ಅಂತಾರೆ. ಆರ್ಡರ್ ಮಾತ್ರ ಬಂದಿಲ್ಲ.

ಮಧ್ಯಾಹ್ನ ಟ್ಯುಟೋರಿಯಲ್ಲಿನ ಕೆಲಸ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಿಟ್ಟಿನ ಗಿರಣಿಯ ಮೇಲೆ ಎರಡು ರೂಮು. ಅದನ್ನು ನಡೆಸುವ ಚೂಡಾಮಣಿ ಸಾರ್ ಒಂದು ಕಟ್ಟು ಇಂಗ್ಲಿಷ್ ನೋಟ್ಸ್ ಕೈಗೆ ಹಾಕಿದರು.

"ಅಮೆರಿಕದ ಸಂವಿಧಾನ ಕಣಮ್ಮ. ಕನ್ನಡ ಮೀಡಿಯಂ ಬಿ.ಎ. ಹುಡುಗರಿಗೆ ಪುಸ್ತಕಾನೇ ಇಲ್ಲ. ನೀವು ಸಾಹಿತ್ಯದೋರು, ನೀಟಾಗಿ ಕನ್ನಡಕ್ಕೆ ಮಾಡ್ಕೊಡಿ. ಕಾವ್ಯ ಬೇಡ, ಪಾಯಿಂಟ್ಸ್ ಸಾಕು."

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದಿರಬೇಕು. ಯಾರನ್ನೂ ಪೂರ್ತಿ ನಂಬಬಾರದು ಅನ್ನುವ ಲೆಕ್ಕದಲ್ಲಿ ಕಟ್ಟಿದ ಮನೆ. ಮಾತು ಹೊರಗೆ ಹೋಗಬಾರದು ಅಂತ ಸೆಖೆಯಲ್ಲೂ ಕಿಟಕಿ ಮುಚ್ಚಿಕೊಂಡು ಬರೆದರಂತೆ. ಪ್ರತಿನಿಧಿಗಳ ಸಂಖ್ಯೆ ಗೊತ್ತುಮಾಡಲು ಜನರನ್ನು ಎಣಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲು ಅಂತ ಹಿಡಿದರಂತೆ. ಇದರ ಮೇಲೆ ಅರ್ಧ ಪುಟ ಬರೆದಿದ್ದೆ. ಸಾರ್ ಒಂದು ಸಾಲಿಗೆ ಇಳಿಸಿದರು.

೧೨ ಜುಲೈ, ಬುಧವಾರ

ಕಾಲೇಜಿನ ತನಕ ಹೋದೆ. ಗೇಟಿನ ಎದುರು ನಿಂತೆ. ಒಳಗೆ ಹೋಗಿ ಏನು ಕೇಳುವುದು? 'ನನ್ನ ಆರ್ಡರ್ ಏನಾಯಿತು?' ಇಷ್ಟು ಸಾಕು. ಬಸ್ಸಿನಲ್ಲಿ ಇದನ್ನೇ ಹೇಳಿಕೊಂಡು ಬಂದಿದ್ದೆ.

ವಾಚ್‌ಮನ್ ಕೇಳಿದ— "ಏನಮ್ಮ, ಅಡ್ಮಿಶನ್ನಾ?"

ಹೂಂ ಅಂದುಬಿಟ್ಟೆ.

ಪಿಯುಸಿ ಅಪ್ಲಿಕೇಶನ್ ಕೊಂಡುಕೊಂಡು ಮನೆಗೆ ಬಂದೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಎಮ್ಮೆ ಓದ್ಸಿದ್ದು ತಿರ್ಗಾ ಪಿಯುಸಿ ಸೇರ್ಸಕ್ಕಾ? ಬಾಯಿ ಬುಟ್ಟು ಕೇಳಿದ್ರೆ ಮುತ್ತು ಉದುರೋಗ್ತದಾ?"

ಅವಳು ಎಂ.ಎ.ಯನ್ನು ಹಾಗೇ ಅನ್ನುವುದು. ನಗು ಬರಬೇಕಿತ್ತು. ಬರಲಿಲ್ಲ.

೧೪ ಜುಲೈ, ಶುಕ್ರವಾರ

ಇವತ್ತಿನ ನೋಟ್ಸ್: ಮಾರ್ಬರಿ ವಿರುದ್ಧ ಮ್ಯಾಡಿಸನ್, ೧೮೦೩. ಓದುತ್ತಾ ಓದುತ್ತಾ ಪೆನ್ನು ನಿಂತೇ ಹೋಯಿತು.

ಎಲೆಕ್ಷನ್ನಿನಲ್ಲಿ ಸೋತ ಅಧ್ಯಕ್ಷ ಹೋಗುವ ಮುಂಚೆ ಗಡಿಬಿಡಿಯಲ್ಲಿ ಒಂದಷ್ಟು ಜನರನ್ನು ಸಣ್ಣ ನ್ಯಾಯಾಧೀಶರ ಕೆಲಸಕ್ಕೆ ನೇಮಿಸುತ್ತಾನೆ. ಮಾರ್ಬರಿ ಅವರಲ್ಲೊಬ್ಬ. ಸಹಿ ಆಯಿತು, ಮೊಹರು ಬಿತ್ತು. ತಲುಪಿಸುವುದು ಉಳಿಯಿತು. ಬೆಳಗಾದರೆ ಹೊಸ ಅಧ್ಯಕ್ಷ. 'ಕೊಡಬೇಡಿ' ಅಂತ ತನ್ನ ಮಂತ್ರಿ ಮ್ಯಾಡಿಸನ್‌ಗೆ ಅಂದ. ಮುಗಿಯಿತು.

ಮಾರ್ಬರಿ ನೇರ ಸುಪ್ರೀಂ ಕೋರ್ಟಿಗೆ ಹೋದ. ನನ್ನ ಹಾಗೆ ಗೇಟಿನಲ್ಲಿ ನಿಂತು ವಾಪಸ್ ಬರಲಿಲ್ಲ. ಕೋರ್ಟು ಹೇಳಿತು— ಸಹಿ ಮೊಹರು ಆದ ಕ್ಷಣವೇ ನೇಮಕ ಪೂರ್ತಿ, ತಲುಪಲಿ ಬಿಡಲಿ. ಕೆಲಸ ನಿನ್ನದೇ. ನಿನಗೆ ಅನ್ಯಾಯವಾಗಿದೆ. ಅದಕ್ಕೆ ಕಾನೂನಿನಲ್ಲಿ ಪರಿಹಾರವೂ ಇದೆ. ಆದರೆ ನಾವು ಕೊಡಿಸಲಾರೆವು. ನೇರವಾಗಿ ಇಲ್ಲಿಗೇ ಬರಬಹುದು ಅನ್ನುವ ಶಾಸನದ ಆ ಕಲಮೇ ಸಂವಿಧಾನಕ್ಕೆ ವಿರುದ್ಧ. ಅದನ್ನು ರದ್ದು ಮಾಡಿದ್ದೇವೆ.

ಶಾಸನ ಮಾಡುವವರಿಗಿಂತ ಸಂವಿಧಾನ ದೊಡ್ಡದು, ಅದರ ಅರ್ಥ ಹೇಳುವವರು ನಾವು— ಇದು ಆ ತೀರ್ಪಿನ ಹಿರಿಮೆಯಂತೆ. ಜಗತ್ತೆಲ್ಲ ಕೊಂಡಾಡುತ್ತದಂತೆ. ಇರಬಹುದು. ನನಗೆ ಸಿಟ್ಟು ಬಂತು. ಅಷ್ಟು ದೊಡ್ಡ ಕೋರ್ಟು, ಅಷ್ಟು ಒಳ್ಳೆಯ ಮಾತು, ಮನುಷ್ಯ ಬರಿಗೈಯಲ್ಲಿ ಮನೆಗೆ.

೧೭ ಜುಲೈ, ಸೋಮವಾರ

ಅಪ್ಪನ ಜೊತೆ ಚಿಕ್ಕಲಸಂದ್ರಕ್ಕೆ, ಗಂಗಾಧರಯ್ಯನವರ ಮನೆಗೆ. ಆ ಮನೆಯ ಗೋಡೆ ಎಬ್ಬಿಸಿದ್ದು ಅಪ್ಪನೇ. ಗಾರೆ ಕೆಲಸಕ್ಕೆ ಅಪ್ಪನ ಕೈಗೆ ಸಮ ಯಾರೂ ಇಲ್ಲ ಅಂತ ಗಂಗಾಧರಯ್ಯನವರು ಎಲ್ಲರ ಹತ್ತಿರವೂ ಹೇಳುತ್ತಾರೆ. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಒಳಗೆ ಬನ್ನಿ ಅಂತ ಅವರು ಅನ್ನಲಿಲ್ಲ, ಅಪ್ಪನೂ ಕಾಯಲಿಲ್ಲ.

"ಏನ್ ಹೇಳ್ಲಿ ವೆಂಕಟಸ್ವಾಮಿ. ಸಹಿ ಆಗಿದ್ದು ಮಂಗಳವಾರ ಸಾಯಂಕಾಲ. ಡಿಸ್‌ಪ್ಯಾಚ್ ನಂಬರ್ ಹಾಕೋಣ ಅಂತ ಪೆನ್ ತೆಗೆದೆ. ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಅಮಾವಾಸ್ಯೆ! ಮಗು ಮೊದಲನೇ ಕೆಲಸ, ಅಮಾವಾಸ್ಯೇಲಿ ಹೊರಡ್ಸೋದಾ? ಮನಸ್ಸು ಬರ್ಲಿಲ್ಲ. ಶುಕ್ರವಾರ ಲಕ್ಷ್ಮೀವಾರ, ದೇವರ ಮುಂದೆ ಇಟ್ಟು ಕೈಗೇ ಕೊಡೋಣ ಅಂತ ಬೀರುನಲ್ಲಿಟ್ಟೆ."

"ಆಮ್ಯಾಕೆ ಅಯ್ನೋರೆ?" ಅಂದ ಅಪ್ಪ.

"ಗುರುವಾರ ಬೆಳಿಗ್ಗೆ ಹೊಸ ಸೆಕ್ರೆಟರಿ ಜಯಸಿಂಹ ಬಂದ್ರು. ಬಂದಿದ್ದೇ ಬೀರು ಕೀ ಇಸ್ಕೊಂಡ್ರು."

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ಅಪ್ಪನೇ ಸಮಾಧಾನ ಮಾಡಿದ— "ನಮ್ ಒಳ್ಳೇದಕ್ಕೇ ಮಾಡುದ್ರಿ, ಬುಡಿ."

ಒಂದೇ ಒಂದು ಪ್ರಶ್ನೆ ಕೇಳಿದೆ, ಅದೂ ನೆಲ ನೋಡಿಕೊಂಡು. ಅದೇ ದಿನ ಬೇರೆ ಯಾರದ್ದೂ ಸಹಿ ಆಗಿರಲಿಲ್ಲವಾ?

ಆಗಿತ್ತು. ಹಿಂದಿ ಮೇಷ್ಟರದ್ದು. ಅದು ಮಂಗಳವಾರವೇ ಹೋಯಿತಂತೆ. ಅವರು ಪಾಠ ಶುರು ಮಾಡಿಯೂ ಆಗಿದೆ. ಹಿಂದಿ ಮೇಷ್ಟರ ಮೇಲೆ ಗಂಗಾಧರಯ್ಯನವರಿಗೆ ನನ್ನ ಮೇಲಿದ್ದಷ್ಟು ಪ್ರೀತಿ ಇರಲಿಲ್ಲ.

೨೧ ಜುಲೈ, ಶುಕ್ರವಾರ

ಜಯಸಿಂಹ ಅವರನ್ನು ನೋಡಿದೆ. ಅಪ್ಪ ಬರುತ್ತೇನೆಂದ, ಬೇಡವೆಂದೆ. ಫ್ಯಾನಿನ ಗಾಳಿಗೆ ಅವರ ಮೇಜಿನ ಕಾಗದಗಳೆಲ್ಲ ಏಳುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ಗಾಜಿನ ಗುಂಡು. ಗಂಗಾಧರಯ್ಯನವರು ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಆರ್ಡರ್ ಅಂದ್ರೇನಮ್ಮ? ಕೈಗೆ ಬಂದ್ರೆ ಆರ್ಡರ್. ಬರ್ದಿದ್ರೆ ಬರೀ ಪೇಪರ್. ಸೋತೋರು ಹೋಗ್ತಾ ಹೋಗ್ತಾ ಗೀಚಿದ್ದಕ್ಕೆಲ್ಲ ನಾನು ಸಂಬಳ ಕೊಡಕ್ಕಾಗುತ್ತಾ?"

"ಸಹಿ ಆದ ಮೇಲೆ... ನೇಮಕ ಆದ ಹಾಗೇ ಅಲ್ವಾ ಸಾರ್. ತಲುಪಿಸೋದು ಆಮೇಲಿನ ಮಾತು."

"ಯಾರ್ರೀ ಹೇಳಿದ್ದು?"

ಹೇಳಬಾರದಿತ್ತು. ಹೇಳಿದೆ. "ಅಮೆರಿಕದ ಸುಪ್ರೀಂ ಕೋರ್ಟು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಂಗಾಧರಯ್ಯ, ಇವರಿಗೊಂದು ಪ್ಲೇನ್ ಟಿಕೆಟ್ ಮಾಡ್ಸಿ!" ಗಂಗಾಧರಯ್ಯನವರೂ ನಕ್ಕರು. ಸ್ವಲ್ಪ.

ಆಮೇಲೆ, ಮೆತ್ತಗೆ— "ಮನೆ ಎಲ್ಲಿ? ಜರಗನಹಳ್ಳೀನಾ? ಯಾರ ಪೈಕಿ?"

ಹೇಳಿದೆ.

"ಅಯ್ಯೋ, ಗೌರ್ಮೆಂಟಲ್ಲಿ ನಿಮ್ಮೋರಿಗೆ ಬೇಕಾದಷ್ಟಿದೆಯಲ್ಲಮ್ಮ. ಅಲ್ಲಿ ಟ್ರೈ ಮಾಡಿ. ಇಲ್ಲ್ಯಾಕೆ ಬಂದು ಕಷ್ಟಪಡ್ತೀರಾ."

ಫೈಲಿನ ಟಿಪ್ಪಣಿ ಓದಲು ಹೇಳಿದರು. ಗಂಗಾಧರಯ್ಯನವರು ಓದಿದರು: 'ಸದರಿ ಆದೇಶವು ರವಾನೆಯಾಗಿರುವುದಿಲ್ಲ. ಆದ್ದರಿಂದ ಜಾರಿಗೆ ಬಂದಿರುವುದಿಲ್ಲ.' ಅಕ್ಷರ ಅವರದ್ದೇ. ದುಂಡಗೆ, ಮುದ್ದಾಗಿ. ಅಮಾವಾಸ್ಯೆಯ ವಿಷಯ ಅದರಲ್ಲಿ ಇರಲಿಲ್ಲ.

೩೧ ಜುಲೈ

ಕೆಲಸ ಪಂಕಜಾ ಅನ್ನುವವರಿಗೆ ಆಯಿತಂತೆ. ಜಯಸಿಂಹ ಅವರ ಅಣ್ಣನ ಮಗಳು. ಆಷಾಢ ಅವರಿಗೆ ಅಡ್ಡ ಬರಲಿಲ್ಲ.

ಕೇರಿಯಲ್ಲಿ ಈಗಲೂ ಮೇಡಮ್ಮು ಅಂತಾರೆ. ಧ್ವನಿ ಬೇರೆ.

೭ ಆಗಸ್ಟ್, ಸೋಮವಾರ

ಚೂಡಾಮಣಿ ಸಾರ್‌ಗೆ ಗಂಟಲು ನೋವು. ನೋಟ್ಸ್ ನೀವೇ ಓದಿ ಹೇಳಿ ಅಂದರು. ಕೆಳಗೆ ಗಿರಣಿ ಗಡಗಡ. ಇಪ್ಪತ್ತು ಹುಡುಗರು, ನಾಲ್ಕು ಹುಡುಗಿಯರು. ಮೊದಲ ಐದು ನಿಮಿಷ ಏನು ಓದಿದೆನೋ ನನಗೇ ಗೊತ್ತಿಲ್ಲ. ಮಾರ್ಬರಿಯ ಕಥೆ ಬಂದಾಗ ಮಾತ್ರ ಹಾಳೆ ನೋಡಬೇಕಾಗಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಆಮೇಲೆ ಮಾರ್ಬರಿಗೆ ಕೆಲಸ ಸಿಕ್ತಾ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿಂದ ಸಾರ್ ಕೆಮ್ಮಿದರು. "ಅದು ಎಕ್ಸಾಮಿಗೆ ಬರಲ್ಲ. ನ್ಯಾಯಿಕ ಪುನರ್‌ವಿಮರ್ಶೆ, ಮೂರು ಪಾಯಿಂಟ್ ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ಅವಳೂ.

ಕ್ಲಾಸಾದ ಮೇಲೆ "ಸಿಗಲಿಲ್ಲ ಸಾರ್" ಅಂದೆ. "ಏನು?" "ಮಾರ್ಬರಿಗೆ. ಬೇರೆ ಕೋರ್ಟಿಗೂ ಹೋಗಲಿಲ್ಲ, ಬಿಟ್ಟುಬಿಟ್ಟ." ಆಮೇಲೆ ನನ್ನದೂ ಹೇಳಿದೆ, ಪೂರ್ತಿ. ಹೇಗೆ ಬಾಯಿ ಬಂತೋ. ಸಾರ್ ತುಂಬಾ ಹೊತ್ತು ಮಫ್ಲರ್ ಸರಿಮಾಡಿಕೊಂಡರು. ಕೊನೆಗೆ ದೇವದಾಸ್ ಅನ್ನುವ ಲಾಯರ್ ಒಬ್ಬರ ವಿಳಾಸ ಕೊಟ್ಟರು. ಅವರ ಹಳೆಯ ವಿದ್ಯಾರ್ಥಿ.

೧೦ ಆಗಸ್ಟ್, ಗುರುವಾರ

ದೇವದಾಸ್ ಅವರ ಆಫೀಸು ಬನಶಂಕರಿಯಲ್ಲಿ, ಸೈಕಲ್ ಶಾಪಿನ ಪಕ್ಕ. ಹೈಕೋರ್ಟಿಗೆ ಹೋಗಬೇಕಾ ಅಂತ ಕೇಳಿದೆ.

"ಯಾಕಕ್ಕ ಅಷ್ಟು ದೂರ? ಕೆಳಗಿನ ಕೋರ್ಟಿಂದ ಶುರು ಮಾಡೋಣ. ನಿಧಾನ ಆಗುತ್ತೆ. ಆದ್ರೆ ಬಾಗಿಲು ಸರಿಯಾದ್ದು."

ಆಮೇಲೆ ತೊಂದರೆ ಹೇಳಿದರು. ಸಂಜೀವಯ್ಯನವರು ಸಹಿ ಹಾಕಿದ್ದು ಹೌದು ಅನ್ನಬಹುದು. ಆದರೆ ಕಾಗದ ಅವರ ಬಳಿ ಇಲ್ಲ. ನಾಳೆ ಕಾಲೇಜಿನವರು ಅಂಥ ಕಾಗದವೇ ಇರಲಿಲ್ಲ ಅಂದರೆ?

"ಬೀರುನಲ್ಲಿಟ್ಟೋರು ಬಂದು ಹೇಳ್ಬೇಕು. ನಾನೇ ಇಟ್ಟೆ, ಇಂಥ ಕಾರಣಕ್ಕೆ ಇಟ್ಟೆ, ಇವರು ಕೀ ತಗೊಂಡ್ರು ಅಂತ. ಕಟಕಟೇಲಿ ನಿಂತು. ಅವರು ಒಪ್ಪದಿದ್ರೂ ಸಮನ್ಸ್ ಕಳಿಸಬಹುದು. ಹೆಸರು ಕೊಡ್ತೀರಾ?"

ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಸದಾ ಹಾಗೇ ಅನ್ನುತ್ತೇನೆ.

೧೧ ಆಗಸ್ಟ್, ಶುಕ್ರವಾರ

ಸುದ್ದಿ ಹೇಗೆ ಮುಟ್ಟಿತೋ. ಅಪ್ಪನೇ ಹೇಳಿರಬೇಕು. ಗಂಗಾಧರಯ್ಯನವರು ನಮ್ಮ ಮನೆಗೇ ಬಂದರು. ಮೊದಲ ಸಲ. ಅಪ್ಪ ಕುರ್ಚಿ ಒರೆಸಿ ಒರೆಸಿ ಹಾಕಿದ.

"ಕೇಸ್ ಹಾಕು ಮಗಳೇ, ಬೇಡ ಅನ್ನಲ್ಲ. ನನ್ನ ಹೆಸರು ಮಾತ್ರ ತರ್ಬೇಡ. ಮಾರ್ಚಿಗೆ ರಿಟೈರ್ ಆಗ್ತೀನಿ. ಜಯಸಿಂಹ ಎಂಥೋರು ಅಂತ ನೋಡಿದ್ಯಲ್ಲ. ಗ್ರಾಚುಟಿಗೇ ಕೈ ಹಾಕ್ತಾರೆ. ನಿನ್ನ ಒಳ್ಳೇದಕ್ಕೆ ಹೋಗಿ ನಾನು ಬೀದಿಗೆ ಬೀಳ್ಬೇಕಾ?"

ಅಪ್ಪ ನನ್ನ ಕಡೆ ತಿರುಗಿದ. "ಬುಟ್ಬುಡವ್ವ. ಅಯ್ನೋರು ನಮಗೆ ಏನ್ ಕೆಟ್ಟದ್ ಮಾಡವ್ರೆ?"

ಒಲೆಯ ಹತ್ತಿರದಿಂದ ಅವ್ವ, ತಲೆ ಎತ್ತದೆ— "ಅಮಾಸೆ ನಮ್ ಮಗೀಗ್ ಮಾತ್ರ ಬಂದಿತ್ತಾ ಅಯ್ನೋರೆ? ಇಂದಿ ಮೇಷ್ಟ್ರಿಗೆ ಬಂದಿರ್ಲಿಲ್ವಾ?"

ಅವ್ವ ಕೊಟ್ಟ ಕಾಫಿಯನ್ನು ಅವರು ಕುಡಿಯಲಿಲ್ಲ. ಬಿಸಿ ಇದೆ ಅಂದರು. ಆರಿದ ಮೇಲೂ ಮುಟ್ಟಲಿಲ್ಲ.

೧೩ ಆಗಸ್ಟ್, ಭಾನುವಾರ

ನೋಟ್ಸಿನ ಕೊನೆಯ ಭಾಗ ಮುಗಿಸಿದೆ. ಚಿಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು, ಮೊದಲು ಓದಿರಲಿಲ್ಲ. ಮಾರ್ಬರಿಯ ತೀರ್ಪು ಬರೆದ ಮುಖ್ಯ ನ್ಯಾಯಾಧೀಶರೇ ಹಿಂದಿನ ಸರ್ಕಾರದಲ್ಲಿ ಮಂತ್ರಿ. ಆ ಆಜ್ಞೆಗಳಿಗೆ ಮೊಹರು ಹಾಕಿ ತಲುಪಿಸಬೇಕಾಗಿದ್ದವರು ಅವರೇ. ತಲುಪಿಸದೆ ಬಿಟ್ಟವರೂ ಅವರೇ. ಆಮೇಲೆ ಅದೇ ಮನುಷ್ಯ ಎತ್ತರದಲ್ಲಿ ಕೂತು ನಿನಗೆ ಅನ್ಯಾಯವಾಗಿದೆ ಅಂದರು.

'ನೀವೇ ಯಾಕೆ ಕಳಿಸಲಿಲ್ಲ' ಅಂತ ಕೋರ್ಟಿನಲ್ಲಿ ಒಬ್ಬರಾದರೂ ಅವರನ್ನು ಕೇಳಿದರಾ? ನೋಟ್ಸಿನಲ್ಲಿ ಇಲ್ಲ. ಮಾರ್ಬರಿಗೂ ಸಂಕೋಚ ಆಗಿರಬೇಕು. ದೊಡ್ಡವರು, ನಮ್ಮ ಕಡೆಯವರು, ಒಳ್ಳೆಯವರು...

ಗಂಗಾಧರಯ್ಯನವರು ಒಳ್ಳೆಯವರೇ. ಇದರಲ್ಲಿ ನನಗೆ ಅನುಮಾನವಿಲ್ಲ. ಅದೇ ಕಷ್ಟ. ಜಯಸಿಂಹ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಸುಲಭ. ಇವರ ಮೇಲೆ ಮಾಡಿಕೊಂಡರೆ ಅಪ್ಪ ಕಟ್ಟಿದ ಗೋಡೆಯನ್ನೇ ಒದ್ದ ಹಾಗೆ ಅನ್ನಿಸುತ್ತದೆ. ಮಾರ್ಚಿನ ಮಾತೂ ಸುಳ್ಳಲ್ಲ. ಎರಡು ದಿನದಿಂದ ಅದನ್ನೇ ತೂಗಿ ನೋಡುತ್ತಿದ್ದೇನೆ. ಅವರಿಗಿರುವುದು ಭಯ. ನನಗಾಗಿರುವುದು ನಷ್ಟ.

ದೇವದಾಸ್ ಅವರಿಗೆ ಹೆಸರು ಕೊಡುತ್ತೇನೆ. ಅವ್ವನಿಗೂ ಹೇಳಿಲ್ಲ.

ಅದಕ್ಕೆ ಮುಂಚೆ, ನಾಳೆ ಬೆಳಿಗ್ಗೆ, ಚಿಕ್ಕಲಸಂದ್ರಕ್ಕೆ. ಒಬ್ಬಳೇ. ಸಮನ್ಸು ಅವರಿಗೆ ಟಪಾಲಿನಲ್ಲಿ ಮೊದಲು ಮುಟ್ಟಬಾರದು, ನಾನೇ ಎದುರು ನಿಂತು ಹೇಳಬೇಕು. ಮೆಟ್ಟಿಲ ಮೇಲೆ ಕೂರುವುದಿಲ್ಲ. ಅವರು ಅಳಬಹುದು. ಅತ್ತರೆ ಅಳು ನಿಲ್ಲುವ ತನಕ ಇರುತ್ತೇನೆ. ಆಮೇಲೆ ನೆಲ ನೋಡದೆ— ಸಾರ್, ಮೊದಲನೇ ಸಾಕ್ಷಿ ನೀವು. ಅಮಾವಾಸ್ಯೆ ಅಂತಲೇ ಹೇಳಿ, ನಗುವವರು ನಗಲಿ, ಆದರೆ ಕಾಗದ ಇತ್ತು, ಬೀರುನಲ್ಲಿಟ್ಟಿದ್ದು ನಾನೇ ಅಂತ ಹೇಳಿ.