ಎಲೆ ಚಿತ್ರದ ಚೀಲ

ಸುಂಡ್‌ಬೀಬರ್ಯ್, ಸೋಮವಾರ

ಮಾವಾ,

ಫೋನ್ ಮಾಡಿದ್ರೆ ಅತ್ತೆ ಸ್ಪೀಕರ್ ಹಾಕ್ತಾರೆ, ಅದಕ್ಕೇ ಕಾರ್ಡು. ಜರ್ಮನಿಯಲ್ಲಿ ಈಗ ಗಾಂಜಾ ಕ್ಲಬ್ಬುಗಳಿಗೆ ಪರ್ಮಿಷನ್ ಇದೆ, ಒಬ್ಬ ಮೆಂಬರಿಗೆ ತಿಂಗಳಿಗೆ ಐವತ್ತೇ ಗ್ರಾಂ. ಆ ಲೆಕ್ಕ ಇಡೋ ಸಾಫ್ಟ್‌ವೇರ್ ನಮ್ಮ ಆಫೀಸಿಂದು. ಕ್ಲಬ್ಬುಗಳು ಲಾಭ ಮಾಡೋ ಹಾಗಿಲ್ಲ, ಲಾಭವೆಲ್ಲ ನಮಗೇ ಅಂತ ಬಾಸ್ ಕುಣೀತಿದ್ದಾನೆ. ಇಲ್ಲಿ ಸ್ವೀಡನ್ನಲ್ಲಿ ಮಾತ್ರ ಒಂದು ಸಲ ಸೇದಿದ್ರೂ ಕೇಸು.

ಬರ್ಲಿನ್ ಟ್ರೇಡ್ ಫೇರಲ್ಲಿ ಗಾಂಜಾ ಎಲೆ ಚಿತ್ರದ ಬಟ್ಟೆ ಚೀಲ ಪುಕ್ಕಟೆ ಕೊಟ್ರು. ಗಟ್ಟಿ ಚೀಲ, ಎಸೆಯೋಕೆ ಮನಸ್ಸು ಬರಲಿಲ್ಲ. ಪಾವನಾ ಪುಂಡಿ ಸೊಪ್ಪಿನ ಚಿತ್ರ ಅಂದ್ಕೊಂಡು ಮಗಳ ಬಟ್ಟೆ ಅದರಲ್ಲೇ ತುಂಬಿ ಡಾಗಿಸ್‌ಗೆ, ಅದೇ ಇಲ್ಲಿನ ಶಿಶುವಿಹಾರಕ್ಕೆ, ಕಳಿಸಿದ್ಲು. ಟೀಚರ್ ಕೇಳಿದ್ದಕ್ಕೆ ನಮ್ಮ ಇಂಚರಾ "ಇದು ಅಪ್ಪನ ಆಫೀಸಿನ ಗಿಡ" ಅಂತ ಸ್ವೀಡಿಷಲ್ಲಿ ಹೆಮ್ಮೆಯಿಂದ ಹೇಳಿದ್ದಾಳೆ. ಗುರುವಾರ ಇಬ್ಬರೂ ಬನ್ನಿ ಅಂತ ಮೆಸೇಜ್ ಬಂದಿದೆ, ಕಾರಣ ಬರೆದಿಲ್ಲ. ಕೊಮ್ಯೂನಿಗೆ, ಅಂದ್ರೆ ಇಲ್ಲಿನ ನಗರಸಭೆಗೆ, ದೂರು ಹೋದ್ರೆ ಮಗುವಿನ ಗತಿ ಏನು, ನನ್ನ ವರ್ಕ್ ಪರ್ಮಿಟ್ ಗತಿ ಏನು ಅಂತ ಪಾವನಾ ಸರಿಯಾಗಿ ಊಟಾನೇ ಮಾಡ್ತಿಲ್ಲ.

ಅದರ ಜೋಡಿ ಚೀಲಾನೇ ನಾನು ನಿಮಗೆ ಕಳಿಸಿದ್ದು. ದಿನಾ ಬೆಳಿಗ್ಗೆ ಅದರಲ್ಲೇ ಪೂಜೆ ಹೂವು ತರ್ತೀರಂತೆ, ಅಮ್ಮ ಹೇಳಿದ್ಲು. ದಯವಿಟ್ಟು ಒಳಗಿಟ್ಟುಬಿಡಿ.

ಈ ಕಾರ್ಡು ನಿಮ್ಮ ಕೈಸೇರೋ ಹೊತ್ತಿಗೆ ಗುರುವಾರ ಕಳೆದಿರುತ್ತೆ, ಬೇಜಾರು ಮಾಡ್ಕೋಬೇಡಿ. ಮೂವತ್ತು ವರ್ಷ ಅಬಕಾರಿ ಇನ್ಸ್‌ಪೆಕ್ಟರ್ ಆಗಿದ್ದ ನಮ್ಮ ಮಾವನಿಗೇ ಆ ಎಲೆ ಯಾವುದು ಅಂತ ಗೊತ್ತಾಗಲಿಲ್ಲ, ನನ್ನ ಹೆಂಡ್ತಿ ಪಾಪ ಏನು ಮಾಡ್ತಾಳೆ ಅಂತ ಟೀಚರಿಗೆ ಹೇಳಿಬಿಟ್ಟಿರ್ತೀನಿ.

ಸಂಕೇತ್