ಬಲಕ್ಕೆ ಎಳೆಯುವ ಗಾಡಿ

ಮನೆ, ಅಡುಗೆಮನೆಯ ಮೇಜು
ಜೂನ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಹನಿ ಹಾಕಿಸಿಕೊಳ್ಳುವಾಗ ಈಗಲೂ ಚಿಕ್ಕವಳಿಗೆ ಬೈಯುತ್ತೀಯಂತೆ. ಬೈಯಬೇಡ, ಅವಳ ಕೈ ಹಗುರ. ನಾನಾಗಿದ್ದರೆ ಅರ್ಧ ಬಾಟಲಿ ನಿನ್ನ ಕೆನ್ನೆಯ ಪಾಲಾಗುತ್ತಿತ್ತು. ಈ ಪತ್ರವನ್ನು ನೀನೇ ಓದುತ್ತೀಯೋ ಅವಳು ಓದಿ ಹೇಳುತ್ತಾಳೋ ತಿಳಿಯದು, ಅದಕ್ಕೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಅವಳೇ ಓದುವುದಾದರೆ, ತಂಗೀ, ನಡುನಡುವೆ ನಿನ್ನ ಒಗ್ಗರಣೆ ಬೇಡ.

ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಅಳಿಯಂದಿರ ಕೆಮ್ಮು ಹೋಯಿತು, ಗೊರಕೆ ಮಾತ್ರ ಗಟ್ಟಿಯಾಗಿ ಬೇರೂರಿದೆ. ಎರಡು ದಿನಕ್ಕೊಮ್ಮೆ ನಿನ್ನ ಮನೆಗೆ ಹೋಗಿ ಕಿಟಕಿ ತೆಗೆದು, ಗಡಿಯಾರಕ್ಕೆ ಕೀಲಿ ಕೊಟ್ಟು ಬರುತ್ತೇನೆ. ನೀನಿಲ್ಲದ ನಾಲ್ಕು ತಿಂಗಳಲ್ಲಿ ಅದು ಒಮ್ಮೆಯೂ ನಿಂತಿಲ್ಲ. ನಿನ್ನ ದಪ್ಪಕ್ಷರದ ಪ್ರವಾಸಕಥನವನ್ನೂ ಯಾರಿಗೂ ಕೊಟ್ಟಿಲ್ಲ. ನಾಲ್ಕನೆಯ ಸಂಪುಟದ ಅರ್ಧದಲ್ಲಿ, ಹಡಗು ಹೊರಡುವ ಹೊತ್ತಿಗೆ, ನೀನು ಚಿಕ್ಕವಳ ಊರಿನ ಕಣ್ಣಾಸ್ಪತ್ರೆಗೆ ಹೊರಟೆ. ಒಂಬತ್ತು ಸಂಪುಟವೂ ನನ್ನ ಗಾಡಿಯ ಪೆಟ್ಟಿಗೆಯಲ್ಲಿ ನಿನ್ನ ಜಾಗದಲ್ಲೇ ಇವೆ.

ಈಗ ನನ್ನ ಕೈಯ ಸಂಗತಿ. ಸರಿಹೋಯಿತು ಎಂದು ಕಳೆದ ಸಲ ಬರೆದಿದ್ದೆನಲ್ಲ, ಅದು ಅರ್ಧ ಸುಳ್ಳು. ಮೆಟ್ಟಿಲ ಮೇಲೆ ಬಿದ್ದು ಮುರಿದ ಮೂಳೆ ಕೂಡಿದೆ. ಆದರೆ ಎಡಗೈಯ ಮೂರು ಬೆರಳು ಮಡಚುವುದಿಲ್ಲ. ಲೋಟ ಹಿಡಿಯುತ್ತೇನೆ, ಪುಸ್ತಕ ಹಿಡಿಯುತ್ತೇನೆ, ಬ್ರೇಕ್ ಹಿಡಿಯಲಾರೆ. ನನ್ನ ಸೈಕಲ್ ಗಾಡಿ ನಿನಗೆ ಗೊತ್ತೇ ಇದೆ: ಹಿಂದೆ ಒಂದು ಚಕ್ರ, ಮುಂದೆ ಎರಡು, ಆ ಎರಡರ ನಡುವೆ ಪುಸ್ತಕದ ಪೆಟ್ಟಿಗೆ. ಎಡಗೈ ಹಿಡಿ ಎಡ ಚಕ್ರಕ್ಕೆ, ಬಲಗೈ ಹಿಡಿ ಬಲ ಚಕ್ರಕ್ಕೆ. ಹಿಂದಿನದಕ್ಕೆ ಬ್ರೇಕೇ ಇಲ್ಲ. ಕೆಲಸಕ್ಕೆ ಮರಳಿದ ಮೊದಲ ದಿನ ಬಲಗೈಯೊಂದರಲ್ಲೇ ಬ್ರೇಕ್ ಒತ್ತಿದೆ. ಬಲ ಚಕ್ರ ನಿಂತಿತು, ಎಡದ್ದು ನಿಲ್ಲಲಿಲ್ಲ, ಗಾಡಿ ಗಿರ್ರನೆ ತಿರುಗಿ ಔಷಧಿ ಅಂಗಡಿಯ ಮೆಟ್ಟಿಲಿಗೆ ಮೂಗು ಉಜ್ಜಿತು. ಅಂಗಡಿಯವನು ಒಳಗಿನಿಂದಲೇ, "ಏನು ಬೇಕಿತ್ತು ಮೇಡಂ?" ಎಂದ.

ಅದನ್ನು ಕಂಡವರು ನಮ್ಮ ಗ್ರಂಥಾಲಯದ ಮುಖ್ಯಸ್ಥರಿಗೆ ಹೇಳಿದ್ದಾರೆ. ಅವರು ಕೆಟ್ಟವರಲ್ಲ. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಒಳಗೆ ಮೇಜಿನ ಕೆಲಸ ಇದೆ, ಕೂತ್ಕೊಳ್ಳಿ" ಎಂದರು. ನಾನು ಒಪ್ಪದಿದ್ದಾಗ ಸೋಮವಾರ ಹತ್ತು ಗಂಟೆಗೆ ಪರೀಕ್ಷೆ ಎಂದು ಗೊತ್ತುಮಾಡಿದರು. ಗ್ರಂಥಾಲಯದ ಮುಂದಿನ ಇಳಿಜಾರಿನಲ್ಲಿ ಅವರ ಕಣ್ಣೆದುರು ಇಳಿದು, ಶಾಲೆಯ ಗೇಟಿನ ಮುಂದೆ ಎಳೆದಿರುವ ಬಿಳಿ ಗೆರೆಯ ಹಿಂದೆ ನೆಟ್ಟಗೆ ನಿಲ್ಲಿಸಬೇಕು. ನಿಲ್ಲಿಸಿದರೆ ಗಾಡಿ ನನ್ನದು. ಇಲ್ಲವಾದರೆ ಮನೆಮನೆಗೆ ಪುಸ್ತಕ ಒಯ್ಯುವುದೇ ನಿಂತುಹೋಗುತ್ತದೆ, ನನ್ನ ಜಾಗಕ್ಕೆ ಬೇರೆಯವರನ್ನು ಹಾಕುವುದಿಲ್ಲ. ನಿನ್ನ ಅಳಿಯಂದಿರು, "ಫ್ಯಾನ್ ಕೆಳಗೆ ಕೂತು ಸಂಬಳ ತಗೊಳ್ಳೋದಕ್ಕೆ ಯಾಕಿಷ್ಟು ಸಂಕಟ?" ಎನ್ನುತ್ತಾರೆ. ಆಗೆಲ್ಲ ಕೆಳಬೀದಿಯ ನಿವೃತ್ತ ನರ್ಸಮ್ಮ ಹೋದ ವಾರ ಹೇಳಿದ್ದು ನೆನಪಾಗುತ್ತದೆ: "ನಿನ್ನ ಗಂಟೆ ಕೇಳಿದ್ಮೇಲೇ ಕಣಮ್ಮ ನಾನು ತಲೆ ಬಾಚ್ಕೊಳ್ಳೋದು." ಇದನ್ನು ಮುಖ್ಯಸ್ಥರ ಮುಂದೆ ಹೇಗೆ ಹೇಳುವುದು? ಅವರು ಬರೆದುಕೊಳ್ಳುವ ಹಾಳೆಯಲ್ಲಿ ತಲೆ ಬಾಚುವುದಕ್ಕೆ ಕಾಲಂ ಇಲ್ಲ.

ಹಾಗಾಗಿ ಪಂಕ್ಚರಕ್ಕನ ಮೊರೆಹೋದೆ. ನೀನು ಅವಳನ್ನು ನೋಡಿಲ್ಲ. ಹಳೇ ಹಿಟ್ಟಿನ ಗಿರಣಿಯ ಪಕ್ಕ ಸೈಕಲ್ ರಿಪೇರಿ ಮಾಡುವ ಹೆಂಗಸು. ನನಗಿಂತ ಐದು ವರ್ಷ ದೊಡ್ಡವಳಿರಬಹುದು, ಬಾಯಿ ಐವತ್ತು ವರ್ಷ ದೊಡ್ಡದು. ಅವಳು ಎರಡು ಹಿಡಿಯನ್ನೂ ಕಿತ್ತು, ಬಲಗೈಗೆ ಒಂದೇ ಹಿಡಿ ಕೂರಿಸಿದಳು. ಅದರಿಂದ ಹೊರಟ ವೈರು ಪೆಟ್ಟಿಗೆಯ ಕೆಳಗೆ ಒಂದು ಚಿಕ್ಕ ಕಬ್ಬಿಣದ ಪಟ್ಟಿಯ ನಡುವನ್ನು ಎಳೆಯುತ್ತದೆ. ಪಟ್ಟಿಯ ಎರಡು ತುದಿಯಿಂದ ಎರಡು ಚಕ್ರಕ್ಕೆ ಎರಡು ವೈರು. ತಕ್ಕಡಿಯ ದಂಡಿಗೆಯಂತೆ ಅದು ಓಲಾಡುತ್ತದೆ, ಒಂದು ವೈರು ಸಡಿಲವಿದ್ದರೂ ಎಳೆತ ಎರಡಕ್ಕೂ ಸಮವಾಗಿ ಹಂಚಿಹೋಗುತ್ತದೆ. ನೀನಿದ್ದಿದ್ದರೆ ಬಗ್ಗಿ ನೋಡಿ "ಭೇಷ್" ಎನ್ನುತ್ತಿದ್ದೆ. ನಿನ್ನ ರೈಲ್ವೆ ಶೆಡ್ಡಿಗೆ ಊಟ ತಂದಾಗ, "ಒಂದು ಹಿಡಿ ಎಳೆದ್ರೆ ನಲವತ್ತು ಡಬ್ಬಿ ನಿಲ್ಲುತ್ತೆ ಕಣೇ" ಎಂದು ತೋರಿಸಿದ್ದೆಯಲ್ಲ, ಅದೇ ನೆನಪಾಯಿತು. ನಲವತ್ತಕ್ಕೆ ಆಗುವುದು ಎರಡಕ್ಕೆ ಆಗದೇ ಎಂದುಕೊಂಡೆ.

ಆಗುತ್ತಿಲ್ಲ ಅಪ್ಪಾ. ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ತಕ್ಷಣ ಗ್ರಂಥಾಲಯಕ್ಕೆ ಹೋಗಿ, ಪುಸ್ತಕಕ್ಕೆ ಗ್ರೀಸ್ ತಗಲದಿರಲಿ ಎಂದು ಎಲ್ಲವನ್ನೂ ಇಳಿಸಿಟ್ಟು, ಗಾಡಿಯನ್ನು ಪಂಕ್ಚರಕ್ಕನ ಹತ್ತಿರ ಒಯ್ಯುತ್ತೇನೆ. ಅವಳು ಹತ್ತಿ ಎರಡು ಸುತ್ತು ಹಾಕಿ ಒತ್ತುತ್ತಾಳೆ. ದಾರ ಹಿಡಿದು ಗೆರೆ ಎಳೆದಂತೆ ನೆಟ್ಟಗೆ ನಿಲ್ಲುತ್ತದೆ. "ಬ್ರೇಕು ಸರಿಗಿದೆ ಮೇಡಂ, ಸವಾರಿ ಸರಿಗಿಲ್ಲ" ಎನ್ನುತ್ತಾಳೆ. ನಾನು ಹತ್ತಿ ಒತ್ತುತ್ತೇನೆ. ಅವಳ ಅಂಗಳದಲ್ಲಿ ನನಗೂ ನೆಟ್ಟಗೇ ನಿಲ್ಲುತ್ತದೆ. ಮರುದಿನ ರಸ್ತೆಗಿಳಿದರೆ ಮತ್ತೆ ಬಲಕ್ಕೆ. ಹೀಗೆ ನಾಲ್ಕು ಸಲ. ವೈರು ಬದಲಾಯಿಸಿದೆವು, ಚಕ್ರ ಅದಲುಬದಲು ಮಾಡಿದೆವು. ಕೊನೆಗೆ ಅವಳು, "ನನ್ನ ಅಂಗಡಿಗೆ ಬಂದಾಗ ಮಾತ್ರ ಹುಷಾರಾಗೋ ಗಾಡೀನ ಇದೇ ಮೊದಲು ನೋಡ್ತಿರೋದು. ಡಾಕ್ಟರ್ ಮುಖ ನೋಡಿದ್ರೆ ಹಲ್ಲುನೋವು ಹೋಗುತ್ತಲ್ಲ, ಹಾಗೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನನಗೀಗ ಅನುಮಾನ ಬ್ರೇಕಿನ ಮೇಲಲ್ಲ, ನನ್ನ ಮೇಲೆ. ರಸ್ತೆಯಲ್ಲಿ ಹೆದರಿ ನಾನೇ ಬಲಕ್ಕೆ ವಾಲುತ್ತೇನೆಯೇ? ಅಥವಾ ಮನಸ್ಸಿನ ಯಾವುದೋ ಮೂಲೆ ಆಗಲೇ ಆ ಮೇಜಿನತ್ತ ತಿರುಗಿದೆಯೇ? ನಿನ್ನೆ ಸಂಜೆ ಒಂದು ಕವಿತೆಯ ಮೂರು ಸಾಲನ್ನೇ ಹನ್ನೆರಡು ಸಲ ಓದಿದೆ, ಮೂರರಲ್ಲಿಯೂ ನನಗೆ ಗಾಡಿಯೇ ಕಂಡಿತು. ನಲವತ್ತೆಂಟು ವರ್ಷಕ್ಕೆ ಮನುಷ್ಯರಿಗೆ ತಮ್ಮ ಎಡ ಬಲ ಗೊತ್ತಿರಬೇಕು. ಶೆಡ್ಡಿನಲ್ಲಿ ರೈಲು ಡಬ್ಬಿಯ ಬ್ರೇಕ್ ಮುಟ್ಟುವ ಮೊದಲು ನೀನು ಅದರ ಸುತ್ತ ಒಂದು ಸಲ ಸುಮ್ಮನೆ ನಡೆದು ಬರುತ್ತಿದ್ದೆ. ಏನು ನೋಡುತ್ತಿದ್ದೆ ಎಂದು ನಾನು ಕೇಳಲೇ ಇಲ್ಲ. ಈಗ ಕೇಳಿದರೆ ಉತ್ತರ ಬರುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ಆದರೂ ಕೇಳುತ್ತಿದ್ದೇನೆ.

ಗಂಟೆ ಎರಡಾಯಿತು. ಸುತ್ತು ಮುಗಿಸಿ ಬರುವಾಗ ಈ ಪತ್ರವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಹಟ ಮಾಡದೆ ಹನಿ ಹಾಕಿಸಿಕೋ, ಚಿಕ್ಕವಳ ಮಕ್ಕಳಿಗೆ ನನ್ನ ಮುತ್ತು ಕೊಡು, ಅಲ್ಲಿಂದಲೇ ನನ್ನ ತಲೆ ನೇವರಿಸು.

ನಿನ್ನ ದೊಡ್ಡ ಮಗಳು

ಮರೆತ ಮಾತು: ಲಕೋಟೆ ಒಡೆದು, ಗಿರಣಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಂಚೆಯವನು ಐದಕ್ಕೆ ಡಬ್ಬಿ ತೆಗೆಯುತ್ತಾನೆ. ಇವತ್ತು ಪಂಕ್ಚರಕ್ಕ ಅಂಗಡಿ ಮುಚ್ಚಿ ತನ್ನ ಸೈಕಲ್ಲಿನಲ್ಲಿ ನನ್ನ ಹಿಂದೆಯೇ ಬಂದಳು. ಗಾಡಿ ತುಂಬಿದ್ದನ್ನು ಅವಳು ನೋಡಿದ್ದು ಇದೇ ಮೊದಲು. "ಮೇಡಂ, ಎಡಗಡೆ ಯಾರನ್ನ ಕೂರಿಸಿಕೊಂಡಿದ್ದೀರಿ?" ಎಂದು ಕೂಗಿದಳು. ಪೆಟ್ಟಿಗೆ ತೆಗೆಸಿದಳು. ಬೀದಿಯ ಎಡಗಡೆ ಮನೆಗಳದ್ದು ಎಡಕ್ಕೆ, ಬಲಗಡೆಯದ್ದು ಬಲಕ್ಕೆ ಜೋಡಿಸುವುದು ನನ್ನ ಹಳೇ ಅಭ್ಯಾಸ. ನಿನ್ನ ಮನೆ ಎಡಗಡೆಯ ಕೊನೆಯದು, ನಿನ್ನ ಒಂಬತ್ತು ಸಂಪುಟ ಎಡಮೂಲೆಯ ತಳದಲ್ಲಿ. ಎರಡು ಚಕ್ರವೂ ಒಟ್ಟಿಗೇ ನಿಲ್ಲುತ್ತಿವೆಯಂತೆ. ಎಡಗಡೆಯ ಹೆಚ್ಚಿನ ಭಾರ ನಿಲ್ಲದೆ ಮುಂದೆ ನುಗ್ಗುತ್ತದಂತೆ, ಗಾಡಿಯ ಮೂತಿ ಬಲಕ್ಕೆ ತಿರುಗುತ್ತದಂತೆ. ಮೊದಲೆಲ್ಲ ಎಡಗೈ ತಾನಾಗಿ ಒಂದಿಷ್ಟು ಬಿಗಿಯಾಗಿ ಒತ್ತಿ ಅದನ್ನು ಸರಿದೂಗಿಸುತ್ತಿತ್ತು, ನನಗೂ ಹೇಳದೆ.

ಸೋಮವಾರ ಪೆಟ್ಟಿಗೆ ಖಾಲಿ ಇರಲಿ ಎಂದು ಮುಖ್ಯಸ್ಥರು ಹೇಳಿದ್ದಾರೆ. ಖಾಲಿ ಗಾಡಿ ನೆಟ್ಟಗೇ ನಿಲ್ಲುತ್ತದೆ, ನಾನು ಪಾಸು. ಆದರೆ ಖಾಲಿ ಗಾಡಿಯನ್ನು ನಾನು ಯಾರ ಮನೆಗೆ ಒಯ್ಯಲಿ? ತುಂಬಿಕೊಂಡೇ ಇಳಿಯುತ್ತೇನೆ ಎಂದು ಹೇಳಿ ಈಗಷ್ಟೇ ಬಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ನಿನಗೆ ಈಗ ಸಣ್ಣ ಅಕ್ಷರವೂ ಕಾಣುತ್ತದೆ ಎಂದು ಚಿಕ್ಕವಳು ತಿಂಗಳ ಹಿಂದೆಯೇ ಬರೆದಿದ್ದಳು. ಓದಿ ಮಡಚಿಟ್ಟಿದ್ದೆ. ನೀನು ಅಲ್ಲೇ ಉಳಿಯುವುದಾದರೆ ಬರೆ, ಸಂಪುಟಗಳನ್ನು ಕಪಾಟಿಗೆ ಹಿಂತಿರುಗಿಸುತ್ತೇನೆ. ಬರುವುದಾದರೂ ಬರೆ. ಅಲ್ಲಿಯವರೆಗೆ ಅವನ್ನು ಇಳಿಸಿಲ್ಲ. ಪೆಟ್ಟಿಗೆಯ ನಡುವಿಗೆ ಸರಿಸಿದ್ದೇನೆ, ಅಷ್ಟೇ.